ಡಿಟಿಪಿ ಕೆಲಸದ ಕೈಗೆ ವರ್ಟಿಕಲ್ ಮೌಸ್: ಲಾಜಿಟೆಕ್ ಲಿಫ್ಟ್ ಬಳಸಿದ ಐದು ತಿಂಗಳು

ಮೊದಲು ಗೊತ್ತಾಗಿದ್ದು ರೊಟ್ಟಿ ಬಡಿಯುವಾಗ. ನಾಲ್ಕನೇ ರೊಟ್ಟಿಗೆ ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ಕರೆಂಟ್ ಹೊಡೆದ ಹಾಗಾಯಿತು. ಕೈ ತೆಗೆದುಬಿಟ್ಟೆ. ರೊಟ್ಟಿ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಹಾಗೇ ಉಳಿಯಿತು. ಅತ್ತೆ ಏನೂ ಕೇಳದೆ ಪಕ್ಕದಲ್ಲಿ ಕೂತು ಉಳಿದದ್ದನ್ನು ತಾವೇ ಬಡಿದರು.

ಆಮೇಲೆ ರಾತ್ರಿ ಶುರುವಾಯಿತು. ಎರಡು ಗಂಟೆಗೋ ಮೂರು ಗಂಟೆಗೋ ಎಚ್ಚರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿರುತ್ತಿದ್ದವು. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಯಾಗುತ್ತಿತ್ತು. ತಲೆಗೆ ಕೈ ಇಟ್ಟು ಮಲಗಿದ್ದಕ್ಕೆ ಹೀಗಾಗಿರಬೇಕು ಅಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ.

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವವಳು. ಈ ಕೆಲಸಕ್ಕೆ ಸೇರಿ 17 ವರ್ಷ. ಗದಗ ಮುದ್ರಣಕ್ಕೆ ಹೆಸರಾದ ಊರು, ಹೊರಗಿನ ಊರುಗಳಿಂದಲೂ ಕೆಲಸ ಬರುತ್ತದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಪೋಸ್ಟರು, ಶಾಲೆಯ ಪ್ರಗತಿ ಪತ್ರ, ಪುಣ್ಯಸ್ಮರಣೆಯ ಕಾರ್ಡು, ಎಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಸಂಜೆ ಏಳು. ಮದುವೆ ಸೀಸನ್ನಿನಲ್ಲಿ ರಾತ್ರಿ ಹತ್ತೂ ಆಗುತ್ತದೆ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವ ಹೊತ್ತು ಕಡಿಮೆ, ವಿನ್ಯಾಸದ ಸಾಫ್ಟ್‌ವೇರ್ ಕೋರಲ್‌ಡ್ರಾದಲ್ಲಿ ಮೌಸ್ ಹಿಡಿದು ಎಳೆಯುವ ಹೊತ್ತೇ ಜಾಸ್ತಿ. ಅದರಲ್ಲೂ ಹಳೇ ಲೋಗೋ ತಂದುಕೊಟ್ಟು "ಇದನ್ನ ಹಿಂಗಽ ಬೇಕ್ರಿ" ಅಂದರೆ ಅದನ್ನು ಟ್ರೇಸ್ ಮಾಡಬೇಕು. ಗೆರೆಯ ಮೇಲಿನ ಒಂದೊಂದು ಚುಕ್ಕೆ, ಅಂದರೆ ನೋಡ್, ಹಿಡಿದು ತಿದ್ದುತ್ತ ಕೂತರೆ ಒಂದು ಗಂಟೆ ಮಣಿಕಟ್ಟು ಮೇಜಿನ ಅಂಚಿಗೆ ಒತ್ತಿಕೊಂಡೇ ಇರುತ್ತದೆ.

ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದು, "ಕಿರುಬೆರಳಿಗೂ ಜೋಮು ಹಿಡೀತದೇನ್ರೀ?" ಇಲ್ಲ ಅಂದೆ. "ರಾತ್ರಿ ಎದ್ದು ಕೈ ಕೊಡವತೀರೇನು?" ಹೌದು ಅಂದೆ. ಎರಡೂ ಅಂಗೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಕ್ಕೆ ಬಿಟ್ಟು, ಒಂದು ನಿಮಿಷ ಹಾಗೇ ಹಿಡಿಯಿರಿ ಅಂದರು. ಅರ್ಧ ನಿಮಿಷಕ್ಕೇ ಬೆರಳುಗಳಲ್ಲಿ ಇರುವೆ ಹರಿದಾಡಿದ ಹಾಗಾಯಿತು. ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ, ಇನ್ನೂ ಶುರುವಿನಲ್ಲಿದೆ ಅಂದರು. ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು. ಅವೂ ಕಾರಣ ಆಗಬಹುದಂತೆ. ಎರಡೂ ಸರಿ ಇದ್ದವು.

ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದನ್ನು ಇಲ್ಲಿ ಹೇಳಲೇಬೇಕು. ಅದು ತಿಳಿದ ಮೇಲೆಯೇ ನನಗೆ ಮೌಸಿನ ವಿಷಯ ಅರ್ಥವಾಗಿದ್ದು. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆ ಸೇರಿ ಒಂದು ಕಾಲುವೆ ಆಗಿದೆ. ಮೇಲೆ ಗಟ್ಟಿ ಪಟ್ಟಿಯೊಂದು ಮುಚ್ಚಳದ ಹಾಗಿದೆ. ಆ ಕಾಲುವೆಯೊಳಗೆ ಬೆರಳು ಮಡಚುವ 9 ಹುರಿಗಳೂ ಒಂದು ನರವೂ ಹಾದುಹೋಗುತ್ತವೆ. ಹುರಿ ಉಬ್ಬಿದರೆ, ಅಥವಾ ಮಣಿಕಟ್ಟು ತುಂಬಾ ಹೊತ್ತು ಮೇಲಕ್ಕೋ ಕೆಳಕ್ಕೋ ಬಾಗಿದ್ದರೆ, ನರಕ್ಕೆ ಜಾಗ ಸಾಲುವುದಿಲ್ಲ. ಆ ನರ ಹೋಗುವುದು ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ. ಕಿರುಬೆರಳಿನ ನರವೇ ಬೇರೆ, ಅದು ಈ ಕಾಲುವೆಯಲ್ಲಿ ಬರುವುದಿಲ್ಲ. ಅದಕ್ಕೇ ಅವರು ಕಿರುಬೆರಳು ಕೇಳಿದ್ದು.

ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ಮಣಿಕಟ್ಟು ನೆಟ್ಟಗೆ ಇರುವ ಹಾಗೆ ಒಳಗೊಂದು ಲೋಹದ ಪಟ್ಟಿ ಇರುವಂಥದ್ದು. ಮೌಸ್ ಬದಲಿಸಲೇ ಅಂತ ನಾನೇ ಕೇಳಿದೆ. "ಬದಲಿಸ್ರಿ, ಆರಾಮ ಅನಸ್ತದ. ಆದ್ರ ಮೌಸ್ ಔಷಧ ಅಲ್ಲ. ಪಟ್ಟಿ ಬಿಡಬ್ಯಾಡ್ರಿ, ನಡುನಡುವ ಎದ್ದು ಅಡ್ಡಾಡ್ರಿ" ಅಂದರು. ಈ ಮಾತನ್ನು ಈ ಬರಹ ಓದುವವರೂ ನೆನಪಿಡಬೇಕು. ಜೋಮು, ಕೈಯಿಂದ ವಸ್ತು ಜಾರುವುದು ಇದ್ದರೆ ಮೊದಲು ಡಾಕ್ಟರು, ಆಮೇಲೆ ಮೌಸ್.

ಈಗ ಮೌಸ್. ನೀವು ಕೂತಲ್ಲೇ ಒಂದು ಮಾಡಿ ನೋಡಿ. ಬಲಗೈ ಮುಂಗೈಯನ್ನು ಎಡಗೈಯಿಂದ ಮೆಲ್ಲಗೆ ಹಿಡಿಯಿರಿ. ಯಾರಿಗೋ ಕೈಕುಲುಕಲು ಚಾಚಿದ ಹಾಗೆ ಬಲಗೈ ಇಟ್ಟುಕೊಳ್ಳಿ. ಈಗ ಅಂಗೈ ಕೆಳಗೆ ಮಾಡಿ ಮೇಜಿನ ಮೇಲೆ ಚಪ್ಪಟೆ ಇಡಿ. ಹಿಡಿದ ಎಡಗೈಯೊಳಗೆ ಏನೋ ಹೊರಳಿದ್ದು ಗೊತ್ತಾಗುತ್ತದೆ. ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡ ಬರುತ್ತದೆ. ಮಾಮೂಲಿ ಮೌಸ್ ಹಿಡಿದಷ್ಟು ಹೊತ್ತೂ ಕೈ ಹೀಗೇ ತಿರುಚಿಕೊಂಡಿರುತ್ತದೆ. ಡಗ್ಲಸ್ ಎಂಗಲ್‌ಬಾರ್ಟ್ ಅವರ ತಂಡ 1964ರಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ತುಂಡು, ಮೇಲೊಂದು ಗುಂಡಿ. ಅದರ ಮೇಲೆ ಅಂಗೈ ಕವುಚಿ ಹಿಡಿದದ್ದು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ವರ್ಟಿಕಲ್ ಮೌಸ್ ಅಂದರೆ ಆ ತಿರುಚನ್ನು ಕಡಿಮೆ ಮಾಡುವ ಮೌಸ್. ಕೈಕುಲುಕುವ ಭಂಗಿಗೆ ಹತ್ತಿರ ತರುತ್ತದೆ, ಅಷ್ಟೇ ಅದರ ಕೆಲಸ.

ನಾನು ಮೊದಲು ತಂದದ್ದು ಲಿಫ್ಟ್ ಅಲ್ಲ. 700 ರೂಪಾಯಿಯ ಒಂದು ವರ್ಟಿಕಲ್ ಮೌಸ್. ಅದು ನನ್ನ ಕೈಗೆ ದೊಡ್ಡದು. ತೋರುಬೆರಳು ಬಟನ್ನಿನ ತುದಿ ಮುಟ್ಟಲು ಚಾಚಬೇಕಾಗುತ್ತಿತ್ತು. ಆದರೂ ಮೊದಲ ವಾರದಲ್ಲೇ ಮುಂಗೈ ಸೆಳೆತ ಕಡಿಮೆಯಾಯಿತು. ಭಂಗಿ ನನಗೆ ಹೊಂದುತ್ತದೆ ಅಂತ ಅಲ್ಲಿಗೆ ಖಾತ್ರಿ ಆಯಿತು. ಮೂರನೇ ತಿಂಗಳಿಗೆ ಅದರ ಬಟನ್ ಕೆಟ್ಟಿತು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ. ಕೋರಲ್ ಗೊತ್ತಿರುವವರಿಗೆ ಇದು ಎಂಥ ಕಷ್ಟ ಅಂತ ಗೊತ್ತು. ಆರಿಸಿದ ಅಕ್ಷರದ ಮೇಲೆ ಇನ್ನೊಂದು ಕ್ಲಿಕ್ ಬಿದ್ದರೆ ತಿರುಗಿಸುವ, ಓರೆ ಮಾಡುವ ಬಾಣಗಳು ಬಂದುಬಿಡುತ್ತವೆ. ಒಂದು ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಸಾಲು ಹೀಗೆ ಕೂದಲೆಳೆಯಷ್ಟು ಓರೆಯಾಗಿತ್ತು. ಸ್ಕ್ರೀನಿನಲ್ಲಿ ನನಗೆ ಕಾಣಲಿಲ್ಲ. ಪ್ರೂಫ್ ತೆಗೆದಾಗ ಕಂಡಿತು. ಆ ಕಾರ್ಡು 800 ಪ್ರತಿ ಪ್ರಿಂಟಾಗಬೇಕಿತ್ತು. ಎದೆ ಡವಗುಟ್ಟಿತು. ಅವತ್ತೇ ಆ ಮೌಸ್ ತೆಗೆದಿಟ್ಟು ಮತ್ತೆ ಮಾಮೂಲಿ ಮೌಸ್ ಹಿಡಿದೆ.

ಲಿಫ್ಟ್ ಬಗ್ಗೆ ಹೇಳಿದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಫೋನಿನಲ್ಲಿ ಅವನು ಮೊದಲು ಹೇಳಿದ್ದು, "ಚಿಗವ್ವಾ, ನಿನ್ನ ಕೈ ಅಳತಿ ತಗೀ." ಪ್ರೆಸ್ಸಿನ ಸ್ಟೀಲ್ ಪಟ್ಟಿ ತಗೊಂಡು ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದೆ. 17 ಸೆಂಟಿಮೀಟರ್. ಲಾಜಿಟೆಕ್ ಕಂಪನಿಯಲ್ಲಿ ಎರಡು ವರ್ಟಿಕಲ್ ಮೌಸ್ ಇವೆ. 2018ರಲ್ಲಿ ಬಂದ ಎಂಎಕ್ಸ್ ವರ್ಟಿಕಲ್ ದೊಡ್ಡ ಕೈಗೆ. 2022ರಲ್ಲಿ ಬಂದ ಲಿಫ್ಟ್ ಸಣ್ಣ ಮತ್ತು ಮಧ್ಯಮ ಕೈಗೆ, ಅಂದರೆ ಸುಮಾರು 19 ಸೆಂಟಿಮೀಟರ್ ಒಳಗಿನ ಕೈಗೆ. ಎರಡರ ಓರೆಯೂ ಒಂದೇ, 57 ಡಿಗ್ರಿ. ಅಳತೆ ತೆಗೆಯದೆ ಈ ಮೌಸ್ ತರಿಸಬೇಡಿ. ಚಪ್ಪಲಿಯನ್ನು ನಂಬರು ನೋಡದೆ ತರುವುದಿಲ್ಲ ಅಲ್ವಾ? ಸಣ್ಣ ಕೈಗೆ ದೊಡ್ಡ ಮೌಸ್ ಬಂದರೆ ಬೆರಳು ಚಾಚಿ ಚಾಚಿ ಹೊಸ ನೋವು ಬರುತ್ತದೆ. ನನಗೆ ಮೊದಲ ಮೌಸಿನಲ್ಲಿ ಬಂದಿತ್ತು.

ದಸರೆಗೆ ಅವನು ಊರಿಗೆ ಬಂದಾಗ ತನ್ನದನ್ನು ತಂದಿದ್ದ. ಎರಡು ದಿನ ಹಿಡಿದು ನೋಡಿದೆ. ಹೀಗೆ ಕೈಯಲ್ಲಿ ಹಿಡಿದು ನೋಡಲು ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಡಬ್ಬಿ ತೆರೆಯಲು ಬಿಡುವುದಿಲ್ಲ. ಐದು ಸಾವಿರ ದಾಟುವ ವಸ್ತುವನ್ನು ಬರೀ ಚಿತ್ರ ನೋಡಿ ಕೊಳ್ಳುವುದು ನಮ್ಮಂಥವರಿಗೆ ಸುಲಭ ಅಲ್ಲ. ನನಗೆ ಆಫರಿನಲ್ಲಿ 5,300ಕ್ಕೆ ಬಂತು. ನನ್ನ ಸಂಬಳಕ್ಕೆ ಅದು ದೊಡ್ಡ ಮೊತ್ತ. ಎರಡು ತಿಂಗಳು ಚೀಟಿ ಹಣ ಹೊಂದಿಸಿ ತರಿಸಿದೆ. ಟೇಲರ್ ತನ್ನ ಕತ್ತರಿಗೆ ದುಡ್ಡು ಹಾಕುತ್ತಾನೆ. ನನ್ನ ಕೈ ದಿನಕ್ಕೆ ಒಂಬತ್ತು ಗಂಟೆ ಇದರ ಮೇಲೆ ಇರುತ್ತದೆ. ಹಾಗೆ ಯೋಚಿಸಿದೆ.

ಮೊದಲ ವಾರ ಸುಲಭ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕೀಬೋರ್ಡಿನಿಂದ ಕೈ ತಂದಾಗ ಹಳೇ ಮೌಸಿನ ಹಾಗೆ ಮೇಲಿಂದ ಹಿಡಿಯಲು ಹೋಗಿ ಮೌಸನ್ನು ಬೀಳಿಸುತ್ತಿದ್ದೆ. ಇದನ್ನು ಪಕ್ಕದಿಂದ ಹಿಡಿಯಬೇಕು, ನೀರಿನ ಲೋಟ ಹಿಡಿದ ಹಾಗೆ. ಇನ್ನೊಂದು, ಮಾಮೂಲಿ ಮೌಸಿನಲ್ಲಿ ಬಟನ್ ಕೆಳಕ್ಕೆ ಒತ್ತುತ್ತೇವೆ, ಮೇಜು ತಡೆಯುತ್ತದೆ. ಇದರಲ್ಲಿ ಪಕ್ಕಕ್ಕೆ ಒತ್ತಬೇಕು. ಜೋರಾಗಿ ಒತ್ತಿದರೆ ಮೌಸೇ ಎಡಕ್ಕೆ ಸರಿದು ನೋಡ್ ಜಾಗ ಬಿಟ್ಟುಹೋಗುತ್ತದೆ. ಲೋಗೋ ಟ್ರೇಸ್ ಮಾಡುವಾಗ ಕಣ್ಣಲ್ಲಿ ನೀರು ಬಂದಿತ್ತು. ಹೆಬ್ಬೆರಳನ್ನು ಆ ಕಡೆಯಿಂದ ಸುಮ್ನೆ ಆನಿಸಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತುವುದು ಅಭ್ಯಾಸ ಆಗಲು ಹನ್ನೆರಡು ದಿನ ಬೇಕಾಯಿತು. ಅಷ್ಟು ದಿನ ಹಳೇ ಮೌಸನ್ನೂ ಸಿಕ್ಕಿಸಿಯೇ ಇಟ್ಟಿದ್ದೆ. ಒಂದು ಕಂಪ್ಯೂಟರಿಗೆ ಎರಡು ಮೌಸ್ ಒಟ್ಟಿಗೆ ನಡೆಯುತ್ತವೆ, ತೊಂದರೆ ಇಲ್ಲ. ಅರ್ಜೆಂಟ್ ಕೆಲಸ ಇದ್ದಾಗ ಹಳೇದು, ಉಳಿದ ಹೊತ್ತು ಇದು. ಬದಲಿಸುವವರು ಹೀಗೇ ಮಾಡಿ. ಮದುವೆ ಸೀಸನ್ನಿನ ನಡುವೆ ಅಂತೂ ಶುರು ಮಾಡಬೇಡಿ.

ಕರ್ಸರ್ ವೇಗ ಮೊದಲು ಕಡಿಮೆ ಇಡಿ. ಚಕ್ರದ ಹಿಂದೆ ಒಂದು ಸಣ್ಣ ಬಟನ್ ಇದೆ, ಅದನ್ನು ಒತ್ತಿ ವೇಗ ಬದಲಿಸಬಹುದು. ಅಕ್ಷರ ಜೋಡಿಸುವಾಗ ನಿಧಾನ, ದೊಡ್ಡ ಬ್ಯಾನರ್ ಮಾಡುವಾಗ ಜೋರು. ಈ ಬಟನ್ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ.

ಇಲ್ಲಿ ಒಂದು ವಿಷಯ ಗಮನಿಸಿದೆ. ಮೊದಲು ನಾನು ಮಣಿಕಟ್ಟನ್ನು ಮೇಜಿಗೆ ಊರಿ, ಅಲ್ಲಿಂದಲೇ ಎಡಕ್ಕೆ ಬಲಕ್ಕೆ ಕೈ ಆಡಿಸುತ್ತಿದ್ದೆ. ಲಿಫ್ಟ್ ಹಿಡಿದರೆ ಹಾಗೆ ಆಡಿಸಲು ಬರುವುದಿಲ್ಲ. ಅಂಗೈಯ ಹೊರ ಅಂಚು ಮೇಜಿನ ಮೇಲಿರುತ್ತದೆ, ಚಲನೆ ಮೊಣಕೈಯಿಂದ ಬರುತ್ತದೆ. ಮಣಿಕಟ್ಟಿನ ಅಡಿಭಾಗ ಮೇಜಿನ ಅಂಚಿಗೆ ತಾಗುವುದೇ ಇಲ್ಲ. ಹಳೇ ಮೌಸಿನಿಂದ ಅಲ್ಲಿ ಕಂದು ಬಣ್ಣದ ಗಡುಸು ಚರ್ಮ ಆಗಿತ್ತು, ಒಂದು ಹುಣಸೆ ಬೀಜದಷ್ಟು. ಈಗ ಅದು ಮೆತ್ತಗಾಗಿದೆ, ಬಣ್ಣ ಮಾತ್ರ ಉಳಿದಿದೆ. ದಿನಾ ಸಂಜೆ ಬೆರಳಿಂದ ಮುಟ್ಟಿ ನೋಡುತ್ತೇನೆ.

ಚಲನೆ ಮೊಣಕೈಗೆ ಹೋದ ಮೇಲೆ ಭುಜ ನೋಯತೊಡಗಿತು. ಕಾರಣ ಮೌಸ್ ಅಲ್ಲ, ಅದನ್ನು ಇಟ್ಟ ಜಾಗ. ನಂಬರ್ ಪ್ಯಾಡ್ ಇರುವ ಉದ್ದ ಕೀಬೋರ್ಡಿನ ಆಚೆ ಮೌಸ್ ಇತ್ತು, ಕೈ ಚಾಚಿಕೊಂಡೇ ಇರಬೇಕಿತ್ತು. ಕೀಬೋರ್ಡನ್ನು ಎಡಕ್ಕೆ ಸರಿಸಿದೆ. ಮೇಜು ನನಗೆ ಎತ್ತರ, ಕುರ್ಚಿ ಏರಿಸಿದರೆ ಕಾಲು ತೂಗಾಡುತ್ತದೆ. ಕಾಲ ಕೆಳಗೆ ಕಾಗದದ ರಿಮ್ ಇಟ್ಟುಕೊಳ್ಳಿ ಅಂದರು ಬೈಂಡಿಂಗಿನ ಹುಡುಗರು. ಕಾಗದದ ಮೇಲೆ ಕಾಲಿಡಲು ನನ್ನಿಂದ ಆಗುವುದಿಲ್ಲ. ಮನೆಯಿಂದ ಒಂದು ಮಣೆ ತಂದೆ. ಈಗ ಕುರ್ಚಿ ಮೇಲೆ, ಕಾಲು ಮಣೆಯ ಮೇಲೆ, ಮೊಣಕೈ ಮೇಜಿನ ಮಟ್ಟಕ್ಕೆ. ಭುಜದ ನೋವು ಹತ್ತು ದಿನದಲ್ಲಿ ಹೋಯಿತು. ಖರ್ಚು ಏನೂ ಇಲ್ಲ.

ಮೌಸ್ ಹಿಡಿಯುವುದನ್ನೇ ಕಡಿಮೆ ಮಾಡಿದ್ದೂ ದೊಡ್ಡ ಉಪಕಾರ ಮಾಡಿದೆ. ಕೋರಲ್‌ನಲ್ಲಿ ನೋಡ್ ತಿದ್ದುವ ಟೂಲಿಗೆ ಎಫ್10, ಪೂರ್ತಿ ಕೆಲಸ ಒಟ್ಟಿಗೆ ಕಾಣಲು ಎಫ್4, ಪುಟದ ನಡುವೆ ತಂದು ಕೂರಿಸಲು ಪಿ. 17 ವರ್ಷ ಇವನ್ನೆಲ್ಲ ಮೆನುವಿಗೆ ಹೋಗಿ ಹೋಗಿ ಮಾಡಿದ್ದೆ. ಹೆಬ್ಬೆರಳ ಹತ್ತಿರ ಲಿಫ್ಟಿನಲ್ಲಿ ಎರಡು ಬಟನ್ ಇವೆ. ಕಂಪನಿಯ ಸಾಫ್ಟ್‌ವೇರ್ ಹಾಕಿಕೊಂಡು ಒಂದಕ್ಕೆ ಅನ್‌ಡೂ, ಇನ್ನೊಂದಕ್ಕೆ ಎಫ್10 ಕೊಟ್ಟಿದ್ದೇನೆ.

ಉಳಿದ ಸಂಗತಿಗಳು ಬೇಗ ಹೇಳುತ್ತೇನೆ. ತೂಕ 125 ಗ್ರಾಂ. ಒಂದು ಪೆನ್ಸಿಲ್ ಸೆಲ್ ಸಾಕು, 24 ತಿಂಗಳವರೆಗೆ ಬರುತ್ತದೆ ಅನ್ನುತ್ತದೆ ಕಂಪನಿ. ನನ್ನದು ಐದು ತಿಂಗಳು, ಇನ್ನೂ ಬದಲಿಸಿಲ್ಲ. ಯುಎಸ್‌ಬಿ ರಿಸೀವರ್ ಜೊತೆಗೇ ಬರುತ್ತದೆ, ಬ್ಲೂಟೂತ್ ಕೂಡ ಇದೆ. ಮೂರು ಕಂಪ್ಯೂಟರಿಗೆ ಜೋಡಿಸಿಡಬಹುದು. ಪ್ರೆಸ್ಸಿಗೊಂದು, ಮನೆಯ ಲ್ಯಾಪ್‌ಟಾಪಿಗೊಂದು ಮಾಡಿಕೊಂಡಿದ್ದೇನೆ. ಬದಲಿಸುವ ಬಟನ್ ಹೊಟ್ಟೆಯ ಕೆಳಗಿದೆ, ಪ್ರತಿ ಸಲ ತಿರುವಿ ಒತ್ತಬೇಕು. ಕ್ಲಿಕ್ ಶಬ್ದ ತುಂಬಾ ಕಡಿಮೆ. ಆಫೀಸಿನಲ್ಲಿ ಇರುವವರಿಗೆ ಅದು ಹಿತ. ನಮ್ಮಲ್ಲಿ ಹಿಂದೆ ಆಫ್‌ಸೆಟ್ ಮಷಿನ್ ಓಡುತ್ತಿರುತ್ತದೆ, ಒತ್ತಿತೋ ಇಲ್ಲವೋ ಬೆರಳೇ ಹೇಳಬೇಕು. ಬೇಸಿಗೆಯಲ್ಲಿ ಅಂಗೈ ಅಂಚು ಬೆವರಿ ಸನ್‌ಮೈಕಾ ಮೇಜಿಗೆ ಅಂಟುತ್ತದೆ. ದೊಡ್ಡ ಬಟ್ಟೆ ಪ್ಯಾಡ್ ಹಾಕಿಕೊಳ್ಳಿ.

ಯಾರಿಗೆ ಬೇಡ? ದಿನಕ್ಕೆ ಒಂದೆರಡು ಗಂಟೆ ಮಾತ್ರ ಕೂರುವವರು, ನೋವು ಇಲ್ಲದವರು, ಇಷ್ಟು ದುಡ್ಡು ಹಾಕಬೇಕಾಗಿಲ್ಲ. ಮೇಜು ಕುರ್ಚಿ ಸರಿ ಮಾಡಿಕೊಂಡರೆ ಸಾಕು. ಹೆಬ್ಬೆರಳ ಬುಡದಲ್ಲೇ ನೋವಿರುವವರು ಹೆಬ್ಬೆರಳಿಂದ ಗುಂಡು ಉರುಳಿಸುವ ಟ್ರ್ಯಾಕ್‌ಬಾಲ್ ಮೌಸ್ ಕಡೆ ಹೋಗುವ ಮೊದಲು ಯೋಚಿಸಿ. ಅದರಲ್ಲಿ ಪೂರ್ತಿ ಕೆಲಸ ಹೆಬ್ಬೆರಳದ್ದೇ. ನನ್ನ ಹಾಗೆ ಬೆಳಗಿನಿಂದ ಸಂಜೆವರೆಗೆ ಎಳೆದು, ಹಿಡಿದು, ತಿದ್ದುವವರಿಗೆ ಲಿಫ್ಟ್ ಕೊಟ್ಟ ಬೆಲೆಗೆ ಸರಿ. ದೊಡ್ಡ ಕೈಯವರು ಎಂಎಕ್ಸ್ ವರ್ಟಿಕಲ್ ನೋಡಿ. ದುಡ್ಡು ಇಲ್ಲದಿದ್ದರೆ ಅಗ್ಗದ್ದೊಂದು ತಂದು ಭಂಗಿ ಹೊಂದುತ್ತದೋ ನೋಡಿ. ಹೊಂದಿದರೆ ಆಮೇಲೆ ಒಳ್ಳೆಯದಕ್ಕೆ ಹೋಗಿ.

ಈಗ ರಾತ್ರಿ ಎಚ್ಚರ ಆಗುವುದು ವಾರಕ್ಕೆ ಒಂದು ಸಲ, ಕೆಲವು ವಾರ ಅದೂ ಇಲ್ಲ. ಪಟ್ಟಿ ಇನ್ನೂ ಕಟ್ಟುತ್ತೇನೆ. ಪಟ್ಟಿಯಿಂದ ಎಷ್ಟು, ಮೌಸಿನಿಂದ ಎಷ್ಟು, ಮಣೆಯಿಂದ ಎಷ್ಟು ಅಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಆದರೆ ಸಂಜೆ ಮುಂಗೈ ಬಿಗಿದು ಕಲ್ಲಾಗುತ್ತಿತ್ತಲ್ಲ, ಅದು ಮೌಸ್ ಬದಲಿಸಿದ ಮೇಲೆಯೇ ನಿಂತಿದ್ದು. ಬಟ್ಟೆ ಹಿಂಡುತ್ತೇನೆ. ಎಂಟು ರೊಟ್ಟಿ ಒಂದೇ ಸಲಕ್ಕೆ ಕೂತು ಬಡಿಯುತ್ತೇನೆ.

ಪ್ರೆಸ್ಸಿನ ಮಾಲೀಕರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಮೊದಲ ದಿನ ನನ್ನ ಮೇಜಿನ ಹತ್ತಿರ ನಿಂತು, "ಏನವಾ ಇದು, ಹಿಂಗ್ಯಾಕ ನಿಂತೈತಿ?" ಅಂದಿದ್ದರು. "ಇದು ಕೈ ತಿರುಚೂದಿಲ್ರಿ ಕಾಕಾ" ಅಂದೆ. ಮೂಳೆ ಹೊರಳುವುದನ್ನು ಅವರ ಕೈಯಲ್ಲೇ ಹಿಡಿಸಿ ತೋರಿಸಿದೆ. ಲೆಟರ್‌ಪ್ರೆಸ್ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸಿದ ಕೈ ಅದು. ಎರಡು ಮೂರು ಸಲ ಹೊರಳಿಸಿ ನೋಡಿ ಸುಮ್ಮನೆ ಹೋದರು. ಹೋದ ತಿಂಗಳು ಅವರೇ ಬಂದು, "ಆ ಹುಡುಗಗೂ ಒಂದು ತರಸು, ಬಿಲ್ ನನಗ ಕೊಡು" ಅಂದರು. ನನ್ನ ಪಕ್ಕ ಕೂರುವ ಆ ಹುಡುಗನಿಗೆ 22 ವರ್ಷ, ಅವನ ಮಣಿಕಟ್ಟಿನಲ್ಲೂ ಆಗಲೇ ಕಂದು ಕಲೆ ಬಿದ್ದಿದೆ. ಅವನು ಎಡಚ. ಬಲಗೈ ಮೌಸ್ ಅವನಿಗೆ ಆಗುವುದಿಲ್ಲ, ಇದರ ಆಕಾರವೇ ಒಂದು ಕೈಗೆ ಮಾಡಿದ್ದು. ಲಿಫ್ಟಿನಲ್ಲಿ ಎಡಗೈಯದೂ ಇದೆ. ಆರ್ಡರ್ ಹಾಕಿದ್ದೇವೆ. ಅವನ ಕೈ ಅಳತೆ ಹದಿನೆಂಟೂವರೆ ಸೆಂಟಿಮೀಟರ್.